ಮಾಠೆ ಜಾಚ್ಛಿ: ಕೋಲ್ಕತ್ತದ ದೊಡ್ಡ ಮ್ಯಾಚ್‌ಗೆ ಹೋಗಿಬಂದ ಕಥೆ

2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫುಟ್‌ಬಾಲ್ ಹುಚ್ಚರಿಗೆ ಕೆಲಸವೇ ಇರಲಿಲ್ಲ. ಐಎಸ್‌ಎಲ್ ಅಂದರೆ ಇಂಡಿಯನ್ ಸೂಪರ್ ಲೀಗ್ ಈ ಸಲ ನಡೆಯುತ್ತದೋ ಇಲ್ಲವೋ ಅನ್ನುವುದೇ ಗೊತ್ತಿರಲಿಲ್ಲ. ಫೆಡರೇಷನ್‌ಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಡಿಸೆಂಬರ್‌ಗೆ ಮುಗಿಯುತ್ತಿತ್ತು, ಹೊಸದು ಆಗಿರಲಿಲ್ಲ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರಿದುಕೊಳ್ಳುವ ನಮ್ಮಂಥವರು ವಾರಾಂತ್ಯದಲ್ಲಿ ಮನೆಯಲ್ಲಿ ಬಟ್ಟೆ ಒಗೆದುಕೊಂಡು ಕೂತಿದ್ದೆವು. ಅಷ್ಟರಲ್ಲಿ ಡುರಾಂಡ್ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಯಾರಿಗೆ ಯಾರು ಅನ್ನುವುದು ಹೊರಬಿತ್ತು. ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್, ಆ ಊರಿನ ಎರಡು ಹಳೆಯ ಎದುರಾಳಿ ಕ್ಲಬ್ಬುಗಳು. ಆಗಸ್ಟ್ 17, ಭಾನುವಾರ, ಕೋಲ್ಕತ್ತ.

ಶುಕ್ರವಾರ ಸ್ವಾತಂತ್ರ್ಯ ದಿನ, ಶನಿವಾರ ಕೃಷ್ಣಾಷ್ಟಮಿ. ಇದಕ್ಕಿಂತ ಒಳ್ಳೆ ಮುಹೂರ್ತ ಇನ್ನೆಲ್ಲಿ ಸಿಗಬೇಕು? ಆಫೀಸಿನಲ್ಲಿ ಪಕ್ಕದ ಸೀಟಿನ ಬಂಗಾಳಿ ಗೆಳೆಯ ಆಗಲೇ ಟಿಕೆಟ್ ಮಾಡಿದ್ದ. "ಮನೆಯಲ್ಲೇ ಉಳ್ಕೋ, ಆದರೆ ಒಂದು ಮಾತು. ನಮ್ಮಮ್ಮನ ಎದುರು ಯಾವ ಟೀಮ್ ಅಂತ ಬಾಯಿ ಬಿಡಬೇಡ" ಅಂದ. ಲಾಂಗ್ ವೀಕೆಂಡ್ ವಿಮಾನದ ದರ ಎಷ್ಟಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಹೆಂಡತಿಯೂ ಇದನ್ನು ಓದುತ್ತಾಳೆ.

ಶುಕ್ರವಾರ, ಆಗಸ್ಟ್ 15

ಗೆಳೆಯನ ಮನೆ ದಕ್ಷಿಣ ಕೋಲ್ಕತ್ತದ ಬಿಜೊಯ್‌ಗೊಡ್‌ನಲ್ಲಿ, ಜಾದವ್‌ಪುರದ ಪಕ್ಕ. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಬಂದವರು ಕಟ್ಟಿಕೊಂಡ ಮೊದಲ ಕಾಲೊನಿಗಳಲ್ಲಿ ಇದೂ ಒಂದು. ಆಗ ಸೈನ್ಯ ಬಿಟ್ಟುಹೋದ ಶೆಡ್ಡುಗಳಿದ್ದ ಜಾಗ. ಈಗ ಮೂರು ನಾಲ್ಕು ಮಹಡಿಯ ಮನೆಗಳು, ಕೊಳಗಳು, ಪ್ರತಿ ತಿರುವಿನಲ್ಲಿ ಒಂದು ಕ್ಲಬ್ಬು. ಆ ದಿನ ತ್ರಿವರ್ಣ ಧ್ವಜ ಎಲ್ಲ ಕಡೆ ಇತ್ತು. ಅದರ ಕೆಳಗೆ ಕೆಂಪು-ಹಳದಿ ಬಾವುಟ. ಒಂದು ಮನೆಯ ಟೆರೇಸಿನಲ್ಲಿ ಬಟ್ಟೆ ಒಣಹಾಕುವ ತಂತಿಯ ಉದ್ದಕ್ಕೂ ಕೆಂಪು-ಹಳದಿ.

ಬಾಗಿಲು ತೆಗೆದದ್ದು ಗೆಳೆಯನ ತಾತ. ಎಂಬತ್ತು ದಾಟಿದ್ದಾರೆ, ಬೆನ್ನು ನೆಟ್ಟಗಿದೆ. ಹುಟ್ಟಿದ್ದು ಬೊರಿಶಾಲ್‌ನಲ್ಲಿ. ನಾನು ಬೆಂಗಳೂರಿನವನು ಅಂತ ಮೊಮ್ಮಗ ಪರಿಚಯ ಮಾಡಿಸಿದ. ಐಟಿ, ಮಳೆ, ಟ್ರಾಫಿಕ್ ಇವುಗಳಲ್ಲಿ ಒಂದನ್ನು ಕೇಳುತ್ತಾರೆ ಅಂದುಕೊಂಡೆ. ಮುದುಕರು ಒಂದೇ ಮಾತು ಅಂದರು: "ಅಹ್ಮದ್ ಖಾನ್!"

ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಅಹ್ಮದ್ ಖಾನ್ ನಮ್ಮೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದವರು, 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದವರು. ವೆಂಕಟೇಶ್, ಅಪ್ಪಾರಾವ್, ಸಾಲೆ, ಧನರಾಜ್, ಅಹ್ಮದ್ ಖಾನ್. ಈ ಐವರ ಮುಂಪಡೆಗೆ ಇಲ್ಲಿಯವರು ಪಂಚ ಪಾಂಡವರು ಅಂತ ಹೆಸರಿಟ್ಟಿದ್ದರು. ಐವರಲ್ಲಿ ಒಬ್ಬರೂ ಬಂಗಾಳಿ ಅಲ್ಲ! ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ತಾತ ಹುಡುಗನಾಗಿದ್ದಾಗ ಅವರ ಆಟ ನೋಡಿದ್ದರಂತೆ. ಚೆಂಡು ಕಾಲಿಗೆ ಬಂದರೆ ಹಾವಾಡಿಗನ ಬುಟ್ಟಿಗೆ ಬಂದ ಹಾಗೆ ಅಂತ ಕೈಯಾಡಿಸಿ ತೋರಿಸಿದರು. ಎದುರಾಳಿ ಹೆಡೆ ತೂಗುತ್ತಾ ನಿಂತುಬಿಡುತ್ತಿದ್ದನಂತೆ. ಬೆಂಗಳೂರಿನವನು ಅನ್ನುವ ಒಂದೇ ಕಾರಣಕ್ಕೆ ನನ್ನ ತಟ್ಟೆಗೆ ಲೂಚಿ ಜಾಸ್ತಿ ಬಿತ್ತು.

ಈ ಮನೆಯ ರಾಜಕೀಯ ಸ್ವಲ್ಪ ಹೇಳಬೇಕು. ತಾತ, ಅಪ್ಪ, ಮಗ ಮೂವರೂ ಬಾಂಗಾಲ್. ಅಂದರೆ ಪೂರ್ವ ಬಂಗಾಳದ ಮೂಲದವರು. ತಾಯಿ ಉತ್ತರ ಕೋಲ್ಕತ್ತದ ಶ್ಯಾಮ್‌ಬಜಾರ್ ಕಡೆಯವರು, ಘೋಟಿ. ಅಂದರೆ ಮೊದಲಿನಿಂದ ಪಶ್ಚಿಮ ಬಂಗಾಳದವರು. ಬಾಂಗಾಲ್ ಅಂದರೆ ಈಸ್ಟ್ ಬೆಂಗಾಲ್, ಇಲಿಶ್ ಮೀನು. ಘೋಟಿ ಅಂದರೆ ಮೋಹನ್ ಬಾಗಾನ್, ಚಿಂಗ್ರಿ ಅಂದರೆ ಸಿಗಡಿ. ಈಗ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿ ಉಳಿದಿಲ್ಲ, ಮದುವೆಗಳು ಎಲ್ಲವನ್ನೂ ಕಲಸಿವೆ. ಆದರೆ ದೊಡ್ಡ ಮ್ಯಾಚ್‌ನ ವಾರ ಬಂತೆಂದರೆ ಅಡುಗೆಮನೆಯಲ್ಲಿ ಗಡಿ ಎದ್ದು ನಿಲ್ಲುತ್ತದೆ. ತಾಯಿ ಮಧ್ಯಾಹ್ನವೇ ಘೋಷಿಸಿಬಿಟ್ಟರು: "ಭಾನುವಾರ ಯಾರು ಗೆದ್ದರೂ ಈ ಒಲೆಯ ಮೇಲೆ ಇಲಿಶ್ ಬೇಯುವುದಿಲ್ಲ." ನಾನು ಕುಂದಾಪುರದ ಕಡೆಯವನು, ಬಂಗುಡೆ ತಿಂದು ಬೆಳೆದವನು. ಇಲಿಶ್ ಆಸೆಯಿಂದಲೇ ಅರ್ಧ ಬಂದಿದ್ದೆ. ಸುಮ್ನೆ ತಲೆಯಾಡಿಸಿದೆ.

ಸಂಜೆ ಉತ್ತರಕ್ಕೆ ಹೋದೆವು. ಶ್ಯಾಮ್‌ಬಜಾರ್ ಮೆಟ್ರೊದಲ್ಲಿ ಇಳಿದು ಫೊಡಿಯಾಪುಕುರ್‌ವರೆಗೆ ನಡಿಗೆ. ಅವತ್ತು ಮೋಹನ್ ಬಾಗಾನ್ ಕ್ಲಬ್ಬಿನ ಹುಟ್ಟುಹಬ್ಬವೂ ಹೌದು. 1889ರ ಆಗಸ್ಟ್ 15ಕ್ಕೆ ಇಲ್ಲಿನ ಮೋಹನ್ ಬಾಗಾನ್ ವಿಲ್ಲಾ ಎಂಬ ತೋಟದ ಮನೆಯಲ್ಲಿ ಕ್ಲಬ್ ಶುರುವಾಯಿತು. ಆ ತೋಟ ಈಗ ಇಲ್ಲ. ಹೆಸರು ಮಾತ್ರ ಮೋಹನ್ ಬಾಗಾನ್ ಲೇನ್ ಅಂತ ಉಳಿದಿದೆ. ಎರಡು ಕಡೆ ಹಳೆಯ ಮನೆಗಳು, ಹಸಿರು ಮರದ ಕಿಟಕಿ ಬಾಗಿಲು, ಜಗಲಿಯ ಮೇಲೆ ಕೂತ ಗಂಡಸರು. ಹತ್ತಿರದಲ್ಲೇ ಶಿಬ್‌ದಾಸ್ ಭಾದುರಿ ಸ್ಟ್ರೀಟ್. 1911ರ ಜುಲೈ 29ರಂದು ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಬ್ರಿಟಿಷ್ ಸೈನ್ಯದ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿದ ತಂಡದ ನಾಯಕ ಅವರು. ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಲ್ಲಿ ಆಡಿದ್ದರು, ಬೂಟು ಹಾಕಿದ್ದವರು ಸುಧೀರ್ ಚಟರ್ಜಿ ಒಬ್ಬರೇ. ಮೈದಾನದ ಹತ್ತಿರ ಹೋಗಲಾಗದ ಜನಕ್ಕೆ ಗಾಳಿಪಟ ಹಾರಿಸಿ ಗೋಲು ತಿಳಿಸಿದ್ದರಂತೆ. ಆ ಹನ್ನೊಂದು ಜನರನ್ನು ಇಲ್ಲಿ ಈಗಲೂ 'ಅಮರ್ ಏಕಾದಶ್' ಅನ್ನುತ್ತಾರೆ.

ಜಗಲಿಯ ಮೇಲಿದ್ದ ಒಬ್ಬರನ್ನು ಮಾತಿಗೆಳೆದೆ. ಅವರ ಬಾಯಲ್ಲಿ 'ಸೂಪರ್ ಜೈಂಟ್' ಅನ್ನುವ ಪದ ಒಮ್ಮೆಯೂ ಬರಲಿಲ್ಲ. ಕ್ಲಬ್ಬಿನ ಈಗಿನ ಹೆಸರು ಮೋಹನ್ ಬಾಗಾನ್ ಸೂಪರ್ ಜೈಂಟ್. ಅವರಿಗೆ ಅದು 'ಬಾಗಾನ್'. ಇಲ್ಲವಾದರೆ 'ಶೋಬುಜ್-ಮೆರೂನ್', ಹಸಿರು-ಮೆರೂನ್. ಜಾಸ್ತಿ ಪ್ರೀತಿ ಬಂದರೆ 'ಪಾಲ್‌ತೋಲಾ ನೌಕೊ', ಹಾಯಿ ಎತ್ತಿದ ದೋಣಿ. ಕ್ಲಬ್ಬಿನ ಲಾಂಛನ ಅದೇ. ಇಂಗ್ಲಿಷ್ ಪೇಪರ್‌ಗಳು ಬರೆಯುವ 'ಮರೀನರ್ಸ್' ಹುಟ್ಟಿದ್ದೂ ಆ ದೋಣಿಯಿಂದಲೇ, ಆದರೆ ಅದು ಆ ಜಗಲಿಯವರೆಗೆ ಬಂದಿರಲಿಲ್ಲ. ಭಾನುವಾರ ಎಲ್ಲಿ ನೋಡುತ್ತೀರಿ ಅಂತ ಕೇಳಿದೆ. "ಮಾಠೆ ಜಾಬೊ" ಅಂದರು. ಮೈದಾನಕ್ಕೆ ಹೋಗ್ತೀನಿ. ಮ್ಯಾಚ್‌ಗೆ, ಸ್ಟೇಡಿಯಂಗೆ ಅನ್ನಲಿಲ್ಲ.

ಶನಿವಾರ, ಆಗಸ್ಟ್ 16

ಬೆಳಿಗ್ಗೆ ಎಸ್ಪ್ಲನೇಡ್. ಮೆಟ್ರೊದಿಂದ ಮೇಲೆ ಬಂದರೆ ಎದುರಿಗೆ ಗುಮ್ಮಟಗಳಿರುವ ದೊಡ್ಡ ಮೆಟ್ರೊಪಾಲಿಟನ್ ಬಿಲ್ಡಿಂಗ್. ಬ್ರಿಟಿಷರ ಕಾಲದಲ್ಲಿ ಅದು ವೈಟ್‌ವೇ ಲೇಡ್‌ಲಾ ಅಂಗಡಿ. ಈಸ್ಟ್ ಬೆಂಗಾಲ್‌ನವರು ಈ ಕಟ್ಟಡ ತೋರಿಸಿ ಹೇಳುವ ಕಥೆ ಇದೆ. 1920ರಲ್ಲಿ ಜೋಡಾಬಾಗಾನ್ ಕ್ಲಬ್ಬು ಮೋಹನ್ ಬಾಗಾನ್ ಎದುರಿನ ಪಂದ್ಯಕ್ಕೆ ಶೈಲೇಶ್ ಬೋಸ್ ಅನ್ನುವ ಆಟಗಾರನನ್ನು ಕೈಬಿಟ್ಟಿತು. ಪೂರ್ವ ಬಂಗಾಳದವನು ಅನ್ನುವುದಕ್ಕೇ ಬಿಟ್ಟರು ಅಂತ ಸುರೇಶ್ ಚಂದ್ರ ಚೌಧುರಿ ಸಿಟ್ಟಾದರು. ಅವರು ಜೋಡಾಬಾಗಾನ್‌ನ ಉಪಾಧ್ಯಕ್ಷರು. ಅಲ್ಲಿಂದ ಹೊರಬಂದು ಕೆಲವೇ ದಿನಗಳಲ್ಲಿ, ಆಗಸ್ಟ್ 1ಕ್ಕೆ, ಹೊಸ ಕ್ಲಬ್ ಕಟ್ಟಿದರು. ಜೆರ್ಸಿಗೆ ಬಣ್ಣ ಹುಡುಕುತ್ತಿದ್ದಾಗ ಈ ಅಂಗಡಿಯ ಗಾಜಿನ ಹಿಂದೆ ಕೆಂಪು-ಹೊಂಬಣ್ಣದ ಅಂಗಿ ತೂಗುತ್ತಿತ್ತಂತೆ, ಬೆಲೆ 80 ರೂಪಾಯಿ. ಆ ಕಾಲದ 80! ಅದೇ ಬಣ್ಣ ಆಯಿತು. ಕ್ಲಬ್ಬು ಅದನ್ನು ಕೆಂಪು ಮತ್ತು ಚಿನ್ನ ಅನ್ನುತ್ತದೆ, ಜನ 'ಲಾಲ್-ಹೋಲುದ್' ಅನ್ನುತ್ತಾರೆ. ಕೆಂಪು ಮತ್ತು ಹಳದಿ, ಅಷ್ಟೇ. ಚಿನ್ನ ಗಿನ್ನ ಏನಿಲ್ಲ.

ರಸ್ತೆ ದಾಟಿದರೆ ಮೈದಾನ್. ಹಳಬರು 'ಗೊಡೇರ್ ಮಾಠ್' ಅನ್ನುತ್ತಾರೆ, ಕೋಟೆಯ ಬಯಲು. ಫೋರ್ಟ್ ವಿಲಿಯಂಗೆ ಸೈನ್ಯ ವಿಜಯ ದುರ್ಗ ಅಂತ ಹೊಸ ಹೆಸರು ಕೊಟ್ಟಿದೆ, ಬಯಲಿನ ಹೆಸರನ್ನು ಮುಟ್ಟಲು ಯಾರಿಗೂ ಆಗಿಲ್ಲ. ಈ ಜಾಗ ಸೈನ್ಯದ್ದು. ಹಾಗಾಗಿ ಇಲ್ಲಿ ಪಕ್ಕಾ ಕಟ್ಟಡ ಎಬ್ಬಿಸುವ ಹಾಗಿರಲಿಲ್ಲ. ಕ್ಲಬ್ಬುಗಳು ಡೇರೆ ಹಾಕಿಕೊಂಡವು. ಇವತ್ತು ಆ ಡೇರೆಗಳಲ್ಲಿ ಟ್ರೋಫಿ ಕಪಾಟು, ಕ್ಯಾಂಟೀನ್, ಹುಲ್ಲುಹಾಸು ಎಲ್ಲ ಇದೆ. ಹೆಸರು ಮಾತ್ರ ಇನ್ನೂ 'ಟೆಂಟ್'. "ಟೆಂಟ್‌ಗೆ ಹೋಗಿ ಬರೋಣ" ಅಂದರೆ ಕ್ಲಬ್ಬಿಗೆ ಹೋಗೋಣ ಅಂತ.

ನಾವು ಹೋದ ಕ್ಯಾಂಟೀನ್‌ನಲ್ಲಿ ಮೈದಾನ್‌ನ ಹೆಸರಾಂತ ತಿಂಡಿಯೇ ಸಿಕ್ಕಿತು, ಸ್ಟ್ಯೂ ಮತ್ತು ಟೋಸ್ಟ್. ಚೀನೀ ಪಿಂಗಾಣಿ ಬಟ್ಟಲಲ್ಲಿ ತೆಳು ಕೋಳಿ ಸಾರು, ಒಂದು ತುಂಡು ಕೋಳಿ, ಕ್ಯಾರೆಟ್, ಬೀನ್ಸ್, ಕಚ್ಚಾ ಪರಂಗಿಕಾಯಿ, ಮೇಲೆ ಕರಿಮೆಣಸಿನ ಪುಡಿ. ಖಾರವೇ ಇಲ್ಲ. ಅಭ್ಯಾಸ ಮುಗಿಸಿ ಬಂದ ಆಟಗಾರರ ಹೊಟ್ಟೆಗೆ ಹಗುರವಾಗಲಿ ಅಂತ ಮಾಡಿದ್ದು ಅನ್ನುತ್ತಾರೆ. ಬೆಣ್ಣೆ ಹಚ್ಚಿದ ದಪ್ಪ ಬ್ರೆಡ್ಡನ್ನು ಅದರಲ್ಲಿ ಅದ್ದಿ ತಿನ್ನಬೇಕು. ನನಗೆ ಎರಡನೇ ಬಟ್ಟಲೂ ಬೇಕೆನಿಸಿತು.

ಪಕ್ಕದ ಟೇಬಲ್‌ನಲ್ಲಿ ನಾಲ್ಕೈದು ಹಿರಿಯರು ಪೇಪರ್ ಹರಡಿಕೊಂಡು ಕೂತಿದ್ದರು. ಭಾನುವಾರದ ಪಂದ್ಯಕ್ಕೆ ಪೇಪರಿನ ಹೆಡ್‌ಲೈನ್ 'ಡರ್ಬಿ' ಅಂದಿತ್ತು, ಗೆಳೆಯನ ವಯಸ್ಸಿನವರೂ ಹಾಗೇ ಅನ್ನುತ್ತಾರೆ. ಇವರದು 'ಬೊಡೊ ಮ್ಯಾಚ್', ದೊಡ್ಡ ಮ್ಯಾಚ್. ಮೊದಲ ದೊಡ್ಡ ಮ್ಯಾಚ್ ಕಲ್ಕತ್ತ ಲೀಗ್‌ನಲ್ಲಿ 1925ರ ಮೇ 28ಕ್ಕೆ ಆಯಿತು. ಈಸ್ಟ್ ಬೆಂಗಾಲ್ 1-0, ಗೋಲು ನೇಪಾಲ್ ಚಕ್ರವರ್ತಿಯದು. ಇದನ್ನು ಹೇಳಿದವರು ಆಗ ಹುಟ್ಟೇ ಇರಲಿಲ್ಲ, ಆದರೂ ಕಣ್ಣಾರೆ ಕಂಡವರ ಧಾಟಿಯಲ್ಲಿ ಹೇಳಿದರು.

ನಾನು ಬೆಂಗಳೂರಿನವನು ಅಂತ ತಿಳಿದಾಗ ಅವರು ನಕ್ಕರು. "ನಿಮ್ಮೂರಿನವರು ನಮ್ಮ ಹೆಸರಿನ ಮುಂದೆ ಬಾಟಲಿ ಕಟ್ಟಿದರು!" ಮಾತು ನಿಜ. 1998ರಲ್ಲಿ ಬೆಂಗಳೂರಿನ ಯುಬಿ ಗ್ರೂಪ್ ಎರಡೂ ಕ್ಲಬ್ಬುಗಳಿಗೆ ದುಡ್ಡು ಹಾಕಿತು. ಒಂದು ಮೆಕ್‌ಡೊವೆಲ್ ಮೋಹನ್ ಬಾಗಾನ್ ಆಯಿತು, ಇನ್ನೊಂದು ಕಿಂಗ್‌ಫಿಶರ್ ಈಸ್ಟ್ ಬೆಂಗಾಲ್. ನೂರು ವರ್ಷದ ಜಗಳಗಂಟರು ಒಂದೇ ಮಾಲೀಕನ ಎರಡು ಬ್ರ್ಯಾಂಡ್ ಹೊತ್ತು ಆಡುವುದು ಎಂಥ ಚೋದ್ಯ ಅಲ್ವಾ? ಆಮೇಲೆ 2018ರಲ್ಲಿ ಬಂದ ಕ್ವೆಸ್ ಈಸ್ಟ್ ಬೆಂಗಾಲ್‌ನ 'ಕ್ವೆಸ್' ಕಂಪನಿ ಕೂಡ ಬೆಂಗಳೂರಿನದೇ. ಅದಾದ ಮೇಲೆ ಸಿಮೆಂಟ್ ಕಂಪನಿ ಬಂತು, ಎಸ್‌ಸಿ ಈಸ್ಟ್ ಬೆಂಗಾಲ್. ಅದಾದ ಮೇಲೆ ಇಮಾಮಿ. ಗ್ಯಾಲರಿಯಲ್ಲಿ ಯಾವ ಹೆಸರು ಕೂಗುತ್ತಿದ್ದಿರಿ ಅಂತ ಕೇಳಿದೆ. "ಜೊಯ್ ಈಸ್ಟ್ ಬೆಂಗಾಲ್ ಅಂತ. ಜೊಯ್ ಕಿಂಗ್‌ಫಿಶರ್ ಅಂತ ಯಾರಾದರೂ ಕೂಗ್ತಾರಾ?"

ಆ ಕಡೆಯವರದು ಇದಕ್ಕಿಂತ ಕಷ್ಟದ ಕಥೆ. 2020ರಲ್ಲಿ ಎಟಿಕೆ ಜೊತೆ ಸೇರಿ ಮೋಹನ್ ಬಾಗಾನ್ 'ಎಟಿಕೆ ಮೋಹನ್ ಬಾಗಾನ್' ಆಯಿತು. ಹೆಸರಿನ ಮುಂದೆ ಬೇರೆ ಕ್ಲಬ್ಬಿನ ಹೆಸರು! ಅಭಿಮಾನಿಗಳು ವರ್ಷಗಟ್ಟಲೆ ಬ್ಯಾನರ್ ಹಿಡಿದರು, 'ಎಟಿಕೆ ತೆಗೆಯಿರಿ' ಅನ್ನುವುದೊಂದೇ ಬೇಡಿಕೆ. 2023ರ ಮಾರ್ಚ್ 18ರಂದು ಗೋವಾದಲ್ಲಿ ಐಎಸ್‌ಎಲ್ ಫೈನಲ್ ಪೆನಾಲ್ಟಿಯಲ್ಲಿ ಗೆದ್ದ ರಾತ್ರಿ ಮಾಲೀಕರು ಹೆಸರು ಬದಲಿಸುತ್ತೇವೆ ಅಂತ ಘೋಷಿಸಿದರು. ಅವತ್ತು ಸೋತದ್ದು ಯಾರು? ನಮ್ಮ ಬೆಂಗಳೂರು ಎಫ್‌ಸಿ. ಅದಕ್ಕೂ ಮೊದಲು 2015ರ ಮೇ 31ಕ್ಕೆ ಕಂಠೀರವದಲ್ಲೇ, ಇನ್ನೇನು ಐ-ಲೀಗ್ ನಮ್ಮದು ಅನ್ನುವಾಗ, 87ನೇ ನಿಮಿಷದಲ್ಲಿ ಬೆಲ್ಲೊ ರಝಾಕ್ ತಲೆಯಿಂದ ಹೊಡೆದು 1-1 ಮಾಡಿ ಕಪ್ ಎತ್ತಿಕೊಂಡು ಹೋದವರೂ ಇವರೇ. 2025ರ ಏಪ್ರಿಲ್ 12ಕ್ಕೆ ಇದೇ ಊರಲ್ಲಿ ನಮ್ಮೆದುರೇ ಐಎಸ್‌ಎಲ್ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ 2-1. ಭಾನುವಾರ ನಾನು ಯಾವ ಕಡೆ ಕೂರಬೇಕು ಅನ್ನುವ ಪ್ರಶ್ನೆಯೇ ಇರಲಿಲ್ಲ.

ಈಡನ್ ಗಾರ್ಡನ್ಸ್ ಕಡೆ ನಡೆದರೆ ಗೋಷ್ಠೊ ಪಾಲ್ ಪ್ರತಿಮೆ ಸಿಗುತ್ತದೆ, ಕಾಲಡಿಯಲ್ಲಿ ಚೆಂಡು. ಇಪ್ಪತ್ತು ಮೂವತ್ತರ ದಶಕದಲ್ಲಿ ಮೋಹನ್ ಬಾಗಾನ್‌ನ ಡಿಫೆಂಡರ್. ಜನ ಕೊಟ್ಟ ಹೆಸರು 'ಚೀನೇರ್ ಪ್ರಾಚೀರ್', ಚೀನಾದ ಗೋಡೆ. ಪದ್ಮಶ್ರೀ ಪಡೆದ ಮೊದಲ ಫುಟ್‌ಬಾಲ್ ಆಟಗಾರ, 1962ರಲ್ಲಿ. ಹುಟ್ಟಿದ್ದು ಪೂರ್ವ ಬಂಗಾಳದ ಫೊರಿದ್‌ಪುರದಲ್ಲಿ! ಘೋಟಿಗಳ ಕ್ಲಬ್ಬಿನ ಗೋಡೆಯೇ ಬಾಂಗಾಲ್ ಮಣ್ಣಿನದು. ಗೆಳೆಯನಿಗೆ ಇದನ್ನು ನೆನಪಿಸಿದರೆ ಮಾತು ಬದಲಿಸಿದ.

ಆಗಸ್ಟ್ 16 ಇಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನ. 1980ರಲ್ಲಿ ಇದೇ ದಿನ ಈಡನ್‌ನಲ್ಲಿ ಬೊಡೊ ಮ್ಯಾಚ್ ನಡೆಯುತ್ತಿತ್ತು. ಎರಡೂ ಕಡೆಯವರು ಒಂದೇ ಸ್ಟ್ಯಾಂಡ್‌ನಲ್ಲಿ ಬೆರೆತು ಕೂತಿದ್ದರು. ಮೈದಾನದಲ್ಲಿ ಶುರುವಾದ ಜಗಳ ಮೇಲಕ್ಕೆ ಹತ್ತಿತು, ನೂಕುನುಗ್ಗಲಾಯಿತು, 16 ಜನ ಸತ್ತರು. ಪ್ರತಿ ವರ್ಷ ಈ ದಿನ ರಕ್ತದಾನ ಶಿಬಿರ ನಡೆಸುತ್ತಾರೆ. ನಾನು ಈಡನ್‌ನ ಗೇಟಿನ ಎದುರು ನಿಂತಾಗ ಜೂನ್ 4 ಕಳೆದು ಎರಡೂವರೆ ತಿಂಗಳೂ ಆಗಿರಲಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಹೋದರು. ನಮ್ಮಲ್ಲಿ ಅವರನ್ನು ಹೇಗೆ ನೆನೆಯುತ್ತಾರೋ ನೋಡಬೇಕು.

ಭಾನುವಾರ, ಆಗಸ್ಟ್ 17

ಪಂದ್ಯ ಸಂಜೆ 7ಕ್ಕೆ. ಗೆಳೆಯ ಮಧ್ಯಾಹ್ನದಿಂದಲೇ ಚಪ್ಪಲಿ ಹಾಕಿಕೊಂಡು ಕೂತಿದ್ದ. ಹೊರಡುವಾಗ ಮನೆಯೊಳಗೆ ಕೂಗಿ ಹೇಳಿದ: "ಮಾ, ಮಾಠೆ ಜಾಚ್ಛಿ!" ಅವನು ಹೋಗುತ್ತಿದ್ದದ್ದು ಹೊರವಲಯದ ಸಾಲ್ಟ್ ಲೇಕ್‌ನಲ್ಲಿರುವ, 1984ರಲ್ಲಿ ಕಟ್ಟಿದ ಕಾಂಕ್ರೀಟ್ ಕ್ರೀಡಾಂಗಣಕ್ಕೆ. ಅದರ ಅಧಿಕೃತ ಹೆಸರು ವಿವೇಕಾನಂದ ಯುಬ ಭಾರತಿ ಕ್ರೀಡಾಂಗನ್. ಮಾತಲ್ಲಿ 'ಜುಬೊಭಾರೊತಿ'. ದೊಡ್ಡ ಪಂದ್ಯಗಳು ಮೈದಾನ್ ಬಿಟ್ಟು ಅಲ್ಲಿಗೆ ಹೋಗಿ ನಾಲ್ಕು ದಶಕ ಆಯಿತು. ಆದರೂ ಮನೆಯಿಂದ ಹೊರಡುವವರು ಹೋಗುವುದು ಮಾಠ್‌ಗೇ. ತಾಯಿ ಒಳಗಿಂದ ಉತ್ತರ ಕೊಟ್ಟರು. ಅನುವಾದ ಮಾಡು ಅಂದರೆ ಗೆಳೆಯ ಮಾಡಲಿಲ್ಲ. ತಾತ ಮಾತ್ರ ಟಿವಿ ಮುಂದೆ ಆಗಲೇ ಜಾಗ ಹಿಡಿದಿದ್ದರು.

ಶಿಯಾಲ್‌ದಾ ಸ್ಟೇಷನ್‌ನಲ್ಲಿ ಲೋಕಲ್ ಟ್ರೇನ್‌ಗಳಿಂದ ಜನ ಇಳಿಯುತ್ತಲೇ ಇದ್ದರು. ರಾಣಾಘಾಟ್, ಬೊಂಗಾವ್ ಕಡೆಯಿಂದ ಬಂದವರು. ಬಗಲಲ್ಲಿ ಸುತ್ತಿದ ಬಾವುಟ, ತಲೆಗೆ ಪಟ್ಟಿ. ಅಲ್ಲಿಂದ ಸಾಲ್ಟ್ ಲೇಕ್ ಸ್ಟೇಡಿಯಂವರೆಗೆ ಮೆಟ್ರೊ. (ಎಸ್ಪ್ಲನೇಡ್ ಮತ್ತು ಶಿಯಾಲ್‌ದಾ ನಡುವಿನ ತುಂಡು ಶುರುವಾದದ್ದು ನಾವು ಬಂದ ಮೇಲೆ, ಆಗಸ್ಟ್ 22ಕ್ಕೆ. ನಮ್ಮ ಅದೃಷ್ಟ.) ರೈಲಿನೊಳಗೆ ಎರಡೂ ಬಣ್ಣದವರು. ಒಂದು ಬಾಗಿಲಿನವರು 'ಮಾಚಾ' ಅಂದರೆ ಇನ್ನೊಂದು ಬಾಗಿಲಿನವರು 'ಲೋಟಾ' ಅನ್ನುತ್ತಾರೆ. ಮೊದಲನೆಯದು ಮೋಹನ್ ಬಾಗಾನ್‌ನವರನ್ನು ಕೆಣಕುವ ಹೆಸರು. ಎರಡನೆಯದು ಈಸ್ಟ್ ಬೆಂಗಾಲ್‌ನವರಿಗೆ. ಗಡಿ ದಾಟಿ ಬರುವಾಗ ಕೈಯಲ್ಲಿ ಒಂದು ಲೋಟಾ ಬಿಟ್ಟು ಏನೂ ಇರಲಿಲ್ಲ ನಿಮಗೆ ಅಂತ ಚುಚ್ಚುವುದು. ಕೇಳಿದರೆ ಕ್ರೂರ ಅನಿಸುತ್ತದೆ. ಆದರೆ ಕೂಗುತ್ತಿದ್ದ ಹುಡುಗರಿಬ್ಬರು ಒಂದೇ ನೀರಿನ ಬಾಟಲಿ ಹಂಚಿಕೊಳ್ಳುತ್ತಿದ್ದುದನ್ನೂ ನೋಡಿದೆ.

ಲೋಟಾದ ಜೊತೆ ಈಗ ಇನ್ನೊಂದು ಗಾಯವೂ ಸೇರಿದೆ. ಆ ತಿಂಗಳ ಮೊದಲ ವಾರ, ಡುರಾಂಡ್‌ನ ಗುಂಪು ಪಂದ್ಯವೊಂದರಲ್ಲಿ ಈಸ್ಟ್ ಬೆಂಗಾಲ್ ಗ್ಯಾಲರಿ ದೊಡ್ಡ ಬ್ಯಾನರ್ ಇಳಿಬಿಟ್ಟಿತ್ತು. ದೇಶದ ಸ್ವಾತಂತ್ರ್ಯಕ್ಕಾಗಿ ನೇಣಿಗೇರಿದವರು ನಾವು, ಇವತ್ತು ತಾಯಿನುಡಿ ಆಡಿದರೆ ನಮ್ಮನ್ನು ಬಾಂಗ್ಲಾದೇಶಿ ಅನ್ನುವುದೇ ಅನ್ನುವ ಅರ್ಥದ್ದು. ಬೇರೆ ರಾಜ್ಯಗಳಿಗೆ ಕೂಲಿಗೆ ಹೋದ ಬಂಗಾಳಿಗಳನ್ನು ಹಿಡಿದು ವಿಚಾರಿಸುತ್ತಿದ್ದ ದಿನಗಳು ಅವು. ತಾತ ಆ ಫೋಟೊವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡಿದ್ದರು.

ಸ್ಟೇಷನ್‌ನಿಂದ ಹೊರಬಂದರೆ, ತೇರಿನ ದಿನ ನಮ್ಮೂರ ರಥಬೀದಿ ಹೇಗಿರುತ್ತದೋ ಹಾಗೆ. ಬೈಪಾಸ್ ರಸ್ತೆಯಲ್ಲಿ ಮೆಟಾಡೋರ್‌ಗಳ ಸಾಲು. ಹಿಂದೆ ಮೂವತ್ತು ನಲವತ್ತು ಹುಡುಗರು, ಡೋಲು, ಅಂಗಿ ಬಿಚ್ಚಿ ಬೀಸುವುದು. ಆಗಸ್ಟ್‌ನ ಆ ಸೆಕೆಗೆ ಅಂಗಿ ಬಿಚ್ಚುವುದರಲ್ಲಿ ಅಭಿಮಾನ ಎಷ್ಟು, ಬೆವರು ಎಷ್ಟು ಹೇಳಲಾಗದು. ಕುದುರೆ ಮೇಲಿನ ಪೊಲೀಸರು ಸಾಲು ಸರಿಮಾಡುತ್ತಿದ್ದರು. ಮುಖಕ್ಕೆ ಬಣ್ಣ ಬಳಿಯುವವರು, ಘುಗ್ನಿ ಮಾರುವವರು, ಎರಡೂ ತಂಡದ ಬಾವುಟ ಒಂದೇ ಕೋಲಿಗೆ ಕಟ್ಟಿ ಮಾರುವವನು. ಅವನೊಬ್ಬನೇ ಅವತ್ತು ನಿಷ್ಪಕ್ಷಪಾತಿ.

ಗೇಟಿನ ಹತ್ತಿರ ಗೆಳೆಯ ಒಂದು ಜಾಗ ತೋರಿಸಿದ. ಹಿಂದಿನ ವರ್ಷ ಆಗಸ್ಟ್ 18ಕ್ಕೆ ಇಲ್ಲಿ ಬೊಡೊ ಮ್ಯಾಚ್ ಇರಬೇಕಿತ್ತು. ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆದು ಊರೇ ಬೀದಿಗಿಳಿದಿತ್ತು. ಬಂದೋಬಸ್ತಿಗೆ ಪೊಲೀಸರಿಲ್ಲ ಅಂತ ಪಂದ್ಯ ರದ್ದಾಯಿತು. ಜನ ಬಂದರು. ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಊರಿನ ಇನ್ನೊಂದು ಹಳೆಯ ಕ್ಲಬ್ಬು ಮೊಹಮ್ಮಡನ್ ಸ್ಪೋರ್ಟಿಂಗ್‌ನ 'ಶಾದಾ-ಕಾಲೊ'ಗಳೂ, ಅಂದರೆ ಬಿಳಿ-ಕಪ್ಪಿನವರೂ ಬಂದರು. ಪಂದ್ಯ ಇಲ್ಲದ ಸ್ಟೇಡಿಯಂ ಹೊರಗೆ ಒಟ್ಟಿಗೆ ನಿಂತು "ದುಯಿ ಗ್ಯಾಲರಿರ್ ಏಕ್ ಶ್ವೊರ್, ಜಸ್ಟಿಸ್ ಫಾರ್ ಆರ್‌ಜಿ ಕರ್" ಅಂತ ಕೂಗಿದರು. ಎರಡು ಗ್ಯಾಲರಿ, ಒಂದೇ ದನಿ. ಪೊಲೀಸರು ಲಾಠಿ ಬೀಸಿದರು. ಗೆಳೆಯ ರಜೆಗೆ ಬಂದವನು ಅಂದು ಅಲ್ಲೇ ಇದ್ದ. "ಅಮ್ಮ ನನ್ನ ಜೊತೆ ಮಾಠ್‌ಗೆ ಬಂದದ್ದು ಆ ಒಂದು ದಿನ ಮಾತ್ರ. ಅವಳ ಬಣ್ಣದ ಸೀರೆ ಉಟ್ಟುಕೊಂಡೇ ಬಂದಿದ್ದಳು" ಅಂದ.

ಒಳಗೆ ಲಾಲ್-ಹೋಲುದ್ ಕಡೆ ಜಾಗ ಸಿಕ್ಕಿತು. ಈ ಕ್ರೀಡಾಂಗಣ ಈಗ ಸುಮಾರು 68,000 ಜನರದು. ಹಿಂದೆ ಬರಿಯ ಕಾಂಕ್ರೀಟ್ ಮೆಟ್ಟಿಲಿದ್ದಾಗ ಇನ್ನೂ ಜಾಸ್ತಿ ಹಿಡಿಯುತ್ತಿತ್ತು. 1997ರ ಜುಲೈ 13ಕ್ಕೆ ಫೆಡರೇಷನ್ ಕಪ್ ಸೆಮಿಫೈನಲ್‌ನ ದೊಡ್ಡ ಮ್ಯಾಚ್‌ಗೆ 1,31,781 ಜನ ಸೇರಿದ್ದು ದಾಖಲೆ. ಮೋಹನ್ ಬಾಗಾನ್‌ನ ಕೋಚ್ ಅಮಲ್ ದತ್ತ ತಮ್ಮ ಡೈಮಂಡ್ ವ್ಯೂಹದ ಜಂಬದಲ್ಲಿ ಎದುರಾಳಿಗಳಿಗೆ ಅಡ್ಡಹೆಸರಿಟ್ಟಿದ್ದರು, ಒಮೊಲೊ ಅನ್ನುವ ಆಟಗಾರನನ್ನು ಆಮ್ಲೆಟ್ ಅಂದಿದ್ದರು. ಆ ಕಡೆಯ ಕೋಚ್ ಪಿ.ಕೆ. ಬ್ಯಾನರ್ಜಿ ಪೇಪರ್ ಓದಿ ಸುಮ್ಮನಿದ್ದರು. ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದ, ಈಸ್ಟ್ ಬೆಂಗಾಲ್ 4-1. ನನ್ನ ಪಕ್ಕ ಕೂತಿದ್ದ ಬ್ಯಾಂಕ್ ನೌಕರರು ಅವತ್ತು ಇಲ್ಲೇ ಇದ್ದರಂತೆ. ಎಷ್ಟು ಜನ ಈ ಮಾತು ಹೇಳುತ್ತಾರೆ ಅಂದರೆ, ಆ 1,31,781 ಕಡಿಮೆಯೇ ಇರಬೇಕು.

ಮೋಹನ್ ಬಾಗಾನ್ ಆಗ ಐಎಸ್‌ಎಲ್‌ನ ಶೀಲ್ಡ್ (ಲೀಗ್ ಹಂತದಲ್ಲಿ ಮೊದಲ ಸ್ಥಾನಕ್ಕೆ ಕೊಡುವುದು) ಮತ್ತು ಕಪ್ ಎರಡನ್ನೂ ಇಟ್ಟುಕೊಂಡಿದ್ದ ತಂಡ. ನಮ್ಮ ಗ್ಯಾಲರಿಯಲ್ಲಿ ಆತಂಕ ಇತ್ತು. ಹಮೀದ್ ಅಹದಾದ್ ಗಾಯಗೊಂಡು ಬೇಗನೆ ಹೊರನಡೆದಾಗ ಬ್ಯಾಂಕಿನವರು ಕಣ್ಣು ಮುಚ್ಚಿದರು. ಅವನ ಬದಲು ಬಂದವನು ಗ್ರೀಸ್‌ನ ದಿಮಿತ್ರಿಯೊಸ್ ದಿಯಮಂಟಕೋಸ್. 38ನೇ ನಿಮಿಷದಲ್ಲಿ ಪೆನಾಲ್ಟಿ, ಗೋಲು. ನಂತರ ನನಗೆ ಕಂಡದ್ದು ಬರೀ ಜನರ ಬೆನ್ನು. ಯಾರೋ ನನ್ನ ಕತ್ತು ತಬ್ಬಿದರು, ಯಾರದೋ ಹಳದಿ ಬಣ್ಣ ನನ್ನ ಕೆನ್ನೆಗೆ ಅಂಟಿತು. 52ನೇ ನಿಮಿಷದಲ್ಲಿ ಮತ್ತೆ ಅವನದೇ. ಕೆಳಗಿನ ಸಾಲಿನಿಂದ ಮೊಬೈಲ್ ದೀಪಗಳು ಹತ್ತಿಕೊಳ್ಳುತ್ತಾ ಮೇಲೆ ಬಂದವು. 'ಮೊಶಾಲ್' ಅಂದರು ಪಕ್ಕದವರು, ದೀವಟಿಗೆ. 1930ರಲ್ಲಿ ತಮ್ಮ ಕ್ಲಬ್ಬಿಗೆ ಅನ್ಯಾಯವಾಯಿತು ಅಂತ ಇವರು ದೀವಟಿಗೆ ಹಿಡಿದು ಮೆರವಣಿಗೆ ಹೋಗಿದ್ದರು. ಲಾಂಛನದಲ್ಲಿರುವುದು ಅದೇ. ತಂಡಕ್ಕೆ ಪ್ರೀತಿಯ ಹೆಸರು 'ಮೊಶಾಲ್ ಬಾಹಿನಿ', ದೀವಟಿಗೆ ಪಡೆ.

68ಕ್ಕೆ ಅನಿರುದ್ಧ್ ಥಾಪಾ ಒಂದು ವಾಪಸ್ ಕೊಟ್ಟ. ಎದುರಿನ ಹಸಿರು-ಮೆರೂನ್ ಗೋಡೆ ಒಮ್ಮೆಲೇ ಎದ್ದಿತು. ಆಮೇಲಿನ ಇಪ್ಪತ್ತು ಚಿಲ್ಲರೆ ನಿಮಿಷ ನಮ್ಮ ಕಡೆ ಯಾರೂ ಹಾಡಲಿಲ್ಲ. ಬ್ಯಾಂಕಿನವರು ಜೇಬಿನಲ್ಲಿದ್ದ ಕಾಳಿಯ ಫೋಟೊ ತೆಗೆದು ಹಣೆಗೊತ್ತಿಕೊಂಡರು, ಗಡಿಯಾರ ನೋಡಿದರು, ಮತ್ತೆ ಒತ್ತಿಕೊಂಡರು. ಕೊನೆಯ ಸೀಟಿ ಊದಿದಾಗ 2-1. ಫೋನಿಗೆ ತಾತನ ಮೆಸೇಜ್ ಬಂದಿತ್ತು. ಬಂಗಾಳಿಯಲ್ಲಿ ಒಂದೇ ಪದ: "ಇಲಿಶ್."

ಮನೆ ಮುಟ್ಟಿದಾಗ ರಾತ್ರಿ ಹನ್ನೊಂದು ದಾಟಿತ್ತು. ತಾಯಿ ಬಾಗಿಲು ತೆಗೆದು ಮಗನ ಮುಖ ನೋಡದೆ ನನ್ನ ಕೆನ್ನೆಯ ಹಳದಿ ನೋಡಿದರು. ಊಟಕ್ಕೆ ಚಿಂಗ್ರಿ ಮಲಾಯ್‌ಕರಿ ಮಾಡಿಟ್ಟಿದ್ದರು. ತೆಂಗಿನ ಹಾಲಿನಲ್ಲಿ ಬೆಂದ ದಪ್ಪ ದಪ್ಪ ಸಿಗಡಿ. ತಾತ ಗೊಣಗಿದರು, 1975ರ ಐಎಫ್‌ಎ ಶೀಲ್ಡ್ ಫೈನಲ್‌ನ 5-0 ಎತ್ತಿದರು, ಅದರಲ್ಲಿ ಶ್ಯಾಮ್ ಥಾಪಾನ ಎರಡು ಗೋಲು ಬಿಡಿಸಿ ಹೇಳಿದರು. ತಾಯಿ 2009ರ 5-3 ಎತ್ತಿದರು, ಅವತ್ತು ಚಿಡಿ ಒಬ್ಬನೇ ನಾಲ್ಕು ಹೊಡೆದಿದ್ದ. ಗೋಡೆಗೆ ಕ್ಯಾಲೆಂಡರ್ ಇಲ್ಲದಿದ್ದರೂ ಈ ಮನೆ ನಡೆಯುತ್ತದೆ. ತಾತ ಗೊಣಗುತ್ತಲೇ ಮೂರು ಸಿಗಡಿ ಹೆಚ್ಚು ತಿಂದರು. ನನಗೂ ರುಚಿಯಲ್ಲಿ ತಕರಾರಿಲ್ಲ.

ಸೋಮವಾರ, ಆಗಸ್ಟ್ 18

ಬೆಳಿಗ್ಗೆ ತಾತನೇ ಚೀಲ ಹಿಡಿದು ಮಾರುಕಟ್ಟೆಗೆ ಹೊರಟರು, ನಾನೂ ಜೊತೆಗೆ. ಮೀನಿನ ಸಾಲಿನಲ್ಲಿ ಎಲ್ಲರೂ ಪಂದ್ಯದ ಮಾತೇ. ಇಲಿಶ್ ಮಾರುವವನು ಬೆಳ್ಳಿ ಬಣ್ಣದ ಮೀನುಗಳ ಮೇಲೆ ಪುಟ್ಟದೊಂದು ಕೆಂಪು-ಹಳದಿ ಬಾವುಟ ಸಿಕ್ಕಿಸಿದ್ದ. ದರ ಏರಿಸಿಯೂ ಇದ್ದ. ತಾತ ಜಗಳವಾಡಿದರು, ಮೀನಿನ ಕಿವಿರು ಎತ್ತಿ ಕೆಂಪು ನೋಡಿದರು, ಹೊಟ್ಟೆ ಒತ್ತಿ ಮೊಟ್ಟೆ ಇದೆಯೇ ಅಂತ ಪರೀಕ್ಷೆ ಮಾಡಿದರು. ಮೊಟ್ಟೆ ಇದ್ದರೆ ಮಾಂಸದ ರುಚಿ ಕಡಿಮೆಯಂತೆ. ಕಡೆಗೆ ಕೇಳಿದಷ್ಟು ಕೊಟ್ಟರು. "ಸೋತಿದ್ದರೆ ಅರ್ಧಕ್ಕೆ ಕೊಡ್ತಿದ್ದ, ಆದರೆ ಆಗ ಯಾರಿಗೆ ಬೇಕು?" ಅಂದರು.

ಮನೆಯ ಒಲೆ ಸಿಗಲಿಲ್ಲ. ಪಕ್ಕದ ಮನೆಯ ಬಾಂಗಾಲ್ ಅಜ್ಜಿ ಬೇಯಿಸಿಕೊಟ್ಟರು, ಸಾಸಿವೆ ಅರೆದು, ಹಸಿಮೆಣಸು ಸೀಳಿಹಾಕಿ, ಹಬೆಯಲ್ಲಿ. ಮುಳ್ಳು ವಿಪರೀತ. ಕರಾವಳಿಯವನು ಅಂತ ನಾನು ಕೊಚ್ಚಿಕೊಂಡದ್ದಕ್ಕೆ ಎಲ್ಲರೂ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಮರ್ಯಾದೆ ಉಳಿಯಿತು. ಸಂಜೆಯ ವಿಮಾನಕ್ಕೆ ಹೊರಟಾಗ ತಾತ ಹಳೆಯ ಕೆಂಪು-ಹಳದಿ ಮಫ್ಲರ್ ಒಂದನ್ನು ಚೀಲಕ್ಕೆ ತುರುಕಿದರು, ಬೆಂಗಳೂರಿನ ಚಳಿಗೆ ಆಗುತ್ತದೆ ಅಂತ.

ಬುಧವಾರ ಸೆಮಿಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಡೈಮಂಡ್ ಹಾರ್ಬರ್ ಎದುರು 2-1ರಿಂದ ಸೋತಿತು. ಆ ಕ್ಲಬ್ಬು ಹುಟ್ಟಿ ಇನ್ನೂ ಕೆಲವೇ ವರ್ಷ. ಗೆಳೆಯ ಮರುದಿನ ಆಫೀಸಿಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೂತ, ಯಾರ ಜೊತೆಯೂ ಮಾತಿಲ್ಲ. ಮಧ್ಯಾಹ್ನ ನನ್ನ ಫೋನಿಗೆ ಅವನ ತಾಯಿಯ ಮೆಸೇಜ್ ಬಂತು. ಮುಂದಿನ ಸಲ ಬಂದಾಗ ಶೋಬುಜ್-ಮೆರೂನ್ ಕಡೆ ಟಿಕೆಟ್ ತಮ್ಮ ತಮ್ಮನೇ ಕೊಡಿಸುತ್ತಾನಂತೆ, ಏಪ್ರಿಲ್‌ನ ಫೈನಲ್ ಮರೆತುಬಿಡು ಅಂತ. ನಾನಿನ್ನೂ ಉತ್ತರ ಕೊಟ್ಟಿಲ್ಲ.